ಕೋ ಮೇಷ್ಟ್ರ ಕರಿಕೊಂಬಿನ ಮುದ್ರೆ

"ನಲವತ್ತೇಳು," ಎಂದರು ನ್ಯಾಯಾಧೀಶೆ ತೂ.

ಅವರು ದನಿ ಏರಿಸಲಿಲ್ಲ. ಆದರೂ ಮೂರನೇ ಮೇಜಿನ ಸುತ್ತ ನಿಂತಿದ್ದ ವಕೀಲರು, ಗುಮಾಸ್ತರು, ಪೊಲೀಸರು ಎಲ್ಲರೂ ಗಪ್‌ಚಿಪ್ಪಾದರು. ಗಾಳಿಗೆ ಮತಪತ್ರ ಹಾರೀತೆಂದು ಫ್ಯಾನುಗಳನ್ನು ಆರಿಸಿದ್ದರು. ಮೇ ತಿಂಗಳ ಸೆಕೆಯಲ್ಲಿ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿಕೊಂಡಿತ್ತು.

ನಲವತ್ತೇಳು ಮತಪತ್ರಗಳು ಮೇಜಿನ ಮೇಲೆ ಸಾಲಾಗಿದ್ದವು. ಒಂದೊಂದರ ಮೇಲೂ ಎರಡೆರಡು ಠಸ್ಸೆ. ಒಂದು ಠಸ್ಸೆ ಎರಡನೇ ನಂಬರಿನ ಅಭ್ಯರ್ಥಿಯ ಚೌಕದಲ್ಲಿ, ಇನ್ನೊಂದು ಒಂದನೇ ನಂಬರಿನವರ ಚೌಕದಲ್ಲಿ. ಇಬ್ಬರಿಗೂ ಹಾಕಿದ ಓಟು ಯಾರಿಗೂ ಸಲ್ಲುವುದಿಲ್ಲ, ಅದು ತಿರಸ್ಕೃತ.

ಇಡೀ ತೈವಾನಿನ ಅಧ್ಯಕ್ಷರ ಗೆಲುವು ಒಂಬತ್ತು ಸಾವಿರ ಚಿಲ್ಲರೆ ಮತಗಳ ಮೇಲೆ ನಿಂತಿತ್ತು. ಸೋತ ಎರಡನೇ ನಂಬರಿನವರು ಹೂಡಿದ ದಾವೆಯಿಂದಾಗಿಯೇ ಈ ಮರು ಎಣಿಕೆ. ಮಾರ್ಚ್ ತಿಂಗಳ ಎಣಿಕೆಯಲ್ಲಿ ಹೈಪಿಂಗ್ ಶಾಲೆಯ ಮತಗಟ್ಟೆಯಲ್ಲಿ ಎರಡನೇ ನಂಬರಿಗೆ ಐನೂರ ಇಪ್ಪತ್ತೊಂದು, ತಿರಸ್ಕೃತ ಬರೀ ಒಂಬತ್ತು. ಇವತ್ತು ಪೊಟ್ಟಣ ಒಡೆದು ನೋಡಿದರೆ ತಿರಸ್ಕೃತ ಐವತ್ತಾರು.

ನಾನು ಯೆನ್ ಸು-ಚಿನ್. ಕೋರ್ಟಿನ ಎದುರು ಓಣಿಯಲ್ಲಿ, ಸಹಿಯ ಬದಲು ಜನ ಒತ್ತುವ ಹೆಸರಿನ ಮುದ್ರೆ ಕೆತ್ತುವವಳು. ಮೂವತ್ತೆಂಟು ವರ್ಷದಿಂದ ಕೊಂಬು, ಕಲ್ಲು, ಮರದ ಮೇಲೆ ಊರವರ ಹೆಸರನ್ನು ತಿರುಗುಮುರುಗಾಗಿ ಕೆತ್ತಿ ಕೆತ್ತಿ, ಈಗ ನೆಟ್ಟಗಿರುವುದೇ ನನಗೆ ಸೊಟ್ಟ ಕಾಣುತ್ತದೆ. ಮುದ್ರೆಯ ತಕರಾರು ಬಂದಾಗ ಕೋರ್ಟಿನವರು ರಸ್ತೆ ದಾಟಿ ಬಂದು ನನ್ನನ್ನು ಕರೆದೊಯ್ಯುತ್ತಾರೆ. ಪತ್ತೇದಾರಿಕೆ ನನ್ನ ಕಸುಬಲ್ಲ. ಆದರೆ ಸುಳ್ಳು ಮುದ್ರೆ ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗಿ, ಅದನ್ನು ಆರಿಸಿ ತೆಗೆಯುವ ತನಕ ನನಗೆ ಊಟ ಸೇರುವುದಿಲ್ಲ.

ನ್ಯಾಯಾಧೀಶೆ ನನ್ನತ್ತ ಒಂದು ಮತಪತ್ರ ಸರಿಸಿ, ಎರಡು ಠಸ್ಸೆಗಳೂ ಒಂದೇ ಹೊತ್ತಿನವೇ ಎಂದು ಕೇಳಿದರು.

ನಾನು ಭೂತಗನ್ನಡಿ ಕಣ್ಣಿಗಿಟ್ಟೆ. ಓಟು ಹಾಕುವವರು ಠಸ್ಸೆ ಒತ್ತಿ, ಶಾಯಿ ಆರುವ ಮುಂಚೆಯೇ ಚೀಟಿ ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ. ಹಾಗಾಗಿ ಮಡಿಕೆಯ ಆಚೆ ಬದಿಯಲ್ಲಿ ಠಸ್ಸೆಯ ಮಸುಕು ನೆರಳು ಬಿದ್ದೇ ಬೀಳುತ್ತದೆ. ಎರಡನೇ ನಂಬರಿನ ಠಸ್ಸೆಗೆ ನೆರಳಿತ್ತು. ಒಂದನೇ ನಂಬರಿನ ಠಸ್ಸೆಗೆ ಇರಲಿಲ್ಲ. ಇನ್ನೊಂದು ಚೀಟಿ ನೋಡಿದೆ, ಮತ್ತೊಂದು ನೋಡಿದೆ. ನಲವತ್ತೇಳರಲ್ಲೂ ಇದೇ ಕಥೆ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲನೆಯದು ಮತದಾರರ ಠಸ್ಸೆ. ಎರಡನೆಯದು ಮಡಿಕೆ ಬಿಚ್ಚಿದ ಮೇಲೆ, ಎಂದರೆ ಚೀಟಿ ಪೆಟ್ಟಿಗೆಯಿಂದ ಹೊರಬಂದ ಮೇಲೆ, ಯಾರೋ ಒತ್ತಿದ್ದು.

ಎರಡನೇ ನಂಬರಿನ ಪರ ವಕೀಲ ಷೀ ರೂಯಿ-ತಾಂಗ್ ಎದ್ದು ನಿಂತರು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಜೇನಿನಂಥ ಮಾತು. ಪೊಟ್ಟಣದ ಬಾಯಿಗೆ ಅಂಟಿಸಿದ್ದ ಮೊಹರು ಪಟ್ಟಿ ಹರಿದಿಲ್ಲ ಎಂಬುದನ್ನು ಅವರು ಎಲ್ಲರಿಗೂ ತೋರಿಸಿದರು. ಎಣಿಕೆ ಆದ ಮೇಲೆ, ಮೊಹರು ಬೀಳುವ ಮುಂಚೆ ಚೀಟಿಗಳು ಇದ್ದದ್ದು ಒಬ್ಬರ ಕೈಯಲ್ಲಿ ಮಾತ್ರ. ಮತಗಟ್ಟೆಯ ಮುಖ್ಯಸ್ಥರಾದ ಹೈಪಿಂಗ್ ಶಾಲೆಯ ಕೋ ತಿಯೆನ್-ಫೂ ಮೇಷ್ಟ್ರ ಕೈಯಲ್ಲಿ.

"ಹೇಳೋದಕ್ಕೆ ನನಗೇ ಸಂಕಟ ಆಗತ್ತೆ ಮೇಡಂ," ಎಂದರು ಷೀ. "ಅವರು ನನಗೂ ಪಾಠ ಹೇಳಿದವರು. ಆದ್ರೆ ಸರ್ಕಾರಿ ಅಧಿಕಾರೀನೇ ಕೈಯಾಡಿಸಿದ ಮೇಲೆ ಈ ಚುನಾವಣೆನ ಯಾರು ನಂಬ್ತಾರೆ?"

ಆ ಮಾತಿನ ತೂಕ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಲವತ್ತೇಳು ಮತದಿಂದ ಒಂಬತ್ತು ಸಾವಿರ ತುಂಬುವುದಿಲ್ಲ. ಆದರೆ ಒಬ್ಬ ಅಧಿಕಾರಿ ಮೋಸ ಮಾಡಿದ ಎಂದು ರುಜುವಾತಾದರೆ ಸಾಕು, ಇಡೀ ಚುನಾವಣೆಯನ್ನೇ ರದ್ದು ಮಾಡಿ ಎಂದು ಕೇಳಲು ದಾರಿ ತೆರೆಯುತ್ತದೆ. ಮೇಷ್ಟ್ರು ಜೈಲಿಗೆ, ದೇಶ ಮತ್ತೆ ಮತಗಟ್ಟೆಗೆ.

ನ್ಯಾಯಾಧೀಶೆ ಮೊಹರು ಪಟ್ಟಿ ನನ್ನ ಮುಂದಿಟ್ಟರು. ಪಟ್ಟಿಯ ಎರಡು ತುದಿಗೂ ಎರಡೆರಡು ಹೆಸರಿನ ಮುದ್ರೆ. ಒಂದು ಮತಗಟ್ಟೆಯ ಮೇಲ್ವಿಚಾರಕನದು, ಯಂತ್ರದಲ್ಲಿ ಕೊರೆದದ್ದು. ಅಂಥದನ್ನು ಯಾವ ಅಂಗಡಿಯಲ್ಲಾದರೂ ಹತ್ತು ನಿಮಿಷದಲ್ಲಿ ಇನ್ನೊಂದು ಮಾಡಿಕೊಡುತ್ತಾರೆ, ಅದರ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ. ಇನ್ನೊಂದು ಕೋ ಮೇಷ್ಟ್ರದು.

ಅದನ್ನು ನೋಡುತ್ತಿದ್ದಂತೆ ನನ್ನ ಎದೆ ಉಬ್ಬಿತು. ಮೂವತ್ತೊಂದು ವರ್ಷದ ಹಿಂದೆ ಎಮ್ಮೆಯ ಕರಿಕೊಂಬಿನಲ್ಲಿ ನಾನೇ ಕೈಯಾರೆ ಕೆತ್ತಿದ್ದು. ಅಪ್ಪ ನನ್ನ ಉಳಿಯನ್ನು ಮೆಚ್ಚಿ ಹೂಂ ಎಂದ ಮೊದಲ ಮುದ್ರೆ ಅದು.

"ಅಸಲಿ," ಎಂದೆ ಗಟ್ಟಿಯಾಗಿ. "ನಾನೇ ಕೆತ್ತಿದ್ದು. ಇದನ್ನ ನಕಲು ಮಾಡೋ ಗಂಡು ಇನ್ನೂ ಹುಟ್ಟಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಜಂಬವೇ ಆ ಒಳ್ಳೆಯ ಮನುಷ್ಯನ ಕೊರಳಿಗೆ ಉರುಳಾಯಿತಲ್ಲ!

ಗುಮಾಸ್ತರು ಮಹಜರು ಬರೆದರು. ಎರಡೂ ಕಡೆಯ ವಕೀಲರು ಅದಕ್ಕೆ ತಮ್ಮ ತಮ್ಮ ಮುದ್ರೆ ಒತ್ತಬೇಕು. ಷೀ ವಕೀಲರು ಮುದ್ರೆ ಒತ್ತುವುದನ್ನು ನೋಡಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ. ಕೆಂಪು ಲೇಪ ತುಂಬಿದ ಪಿಂಗಾಣಿ ಡಬ್ಬಿಗೆ ಮುದ್ರೆಯನ್ನು ಠಕ್ ಠಕ್ ಎಂದು ಕುಟ್ಟುತ್ತಾರೆ. ಲೇಪವನ್ನು ಮೆಲ್ಲಗೆ ತಟ್ಟಿ ತೆಗೆದುಕೊಳ್ಳಬೇಕು ಎಂದು ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಹೇಳಿಕೊಡುತ್ತೇನೆ.

"ವಕೀಲ್ರೇ, ಅದೇನು ಖಾರ ಕುಟ್ತಾ ಇದೀರಾ?" ಎಂದೆ.

"ನಂದು ಪಚ್ಚೆಕಲ್ಲು ಕಣಕ್ಕ, ಏನೂ ಆಗಲ್ಲ," ಎಂದು ಷೀ ನಕ್ಕರು.

ಆ ಸದ್ದಿನಲ್ಲೇ ನನ್ನ ಕಣ್ಣು ಮತ್ತೆ ಪಟ್ಟಿಯ ಕಡೆ ಹೋಯಿತು. ಕೋ ಮೇಷ್ಟ್ರ ಮುದ್ರೆಯ ಅಂಚುಗೆರೆಯಲ್ಲಿ, ಎಡಗಡೆ ಕೆಳಮೂಲೆಯಲ್ಲಿ, ಅರ್ಧ ಎಳ್ಳಿನಷ್ಟು ಜಾಗ ಖಾಲಿ ಇತ್ತು. ಲೇಪ ಹತ್ತಿಲ್ಲವೇನೋ ಅಂದುಕೊಂಡೆ. ಪಟ್ಟಿಯ ಇನ್ನೊಂದು ತುದಿ ನೋಡಿದೆ. ಅಲ್ಲೂ ಅದೇ ಮೂಲೆ ಖಾಲಿ.

ಕಡತದಲ್ಲಿ ಮಾರ್ಚ್ ತಿಂಗಳ ಎಣಿಕೆ ವರದಿ ಇತ್ತು. ಅದು ಮತಗಟ್ಟೆಯ ಬಾಗಿಲಿಗೆ ಅಂಟಿಸಿದ ಹಾಳೆ. ಅದಕ್ಕೂ ಮೇಷ್ಟ್ರು ಮುದ್ರೆ ಒತ್ತಿದ್ದರು, ಪೊಟ್ಟಣಕ್ಕೆ ಮೊಹರು ಹಾಕುವ ಐದು ನಿಮಿಷ ಮೊದಲು. ಅಲ್ಲಿ ನಾಲ್ಕೂ ಮೂಲೆ ಗಟ್ಟಿಯಾಗಿದ್ದವು. ನಾನು ಕೆತ್ತಿದ ದಿನ ಹೇಗಿತ್ತೋ ಹಾಗೇ ಇತ್ತು.

ಮುದ್ರೆ ಅಸಲಿಯೇ. ಆದರೆ ಪಟ್ಟಿಯ ಮೇಲೆ ಬಿದ್ದದ್ದು ಮೂಲೆ ಮುಕ್ಕಾದ ಮೇಲೆ. ಅಂದರೆ ಆ ಸಂಜೆ ಹಾಕಿದ ಪಟ್ಟಿ ಇದಲ್ಲ. ಯಾರೋ ಪೊಟ್ಟಣ ಒಡೆದು, ಒಳಗೆ ಮಾಡುವುದನ್ನು ಮಾಡಿ, ಹೊಸ ಪಟ್ಟಿ ಅಂಟಿಸಿದ್ದಾರೆ.

ಬಾಯಿ ಬಿಡುವ ಮುಂಚೆ ಆ ಮುದ್ರೆಯನ್ನೇ ನೋಡಬೇಕಿತ್ತು. ಅಭಿಪ್ರಾಯ ಬರೆದುಕೊಡಲು ಸಮಯ ಬೇಕೆಂದು ನ್ಯಾಯಾಧೀಶೆಯನ್ನು ಕೇಳಿದೆ.

"ಅಸಲಿ ಅಂತ ಹೇಳಾಯ್ತಲ್ಲಕ್ಕ, ಇನ್ನೇನು ನೋಡೋದಿದೆ?" ಎಂದರು ಷೀ, ನಗುತ್ತಲೇ.

ನ್ಯಾಯಾಧೀಶೆ ಗಡಿಯಾರ ನೋಡಿದರು. ನಾಲ್ಕು ಗಂಟೆಗೆ ಲಿಖಿತ ಅಭಿಪ್ರಾಯ ಮೇಜಿನ ಮೇಲಿರಬೇಕು, ಮುದ್ರೆಯನ್ನು ತರಲು ಕೋರ್ಟಿನ ಅಮೀನ ಚಿಯೆನ್ ಜೊತೆಗೆ ಬರುತ್ತಾನೆ ಎಂದರು.

*

ಹೈಪಿಂಗ್ ಕಡಲ ಪಕ್ಕದ ಊರು. ಊರು ಇನ್ನೂ ಒಂದು ಮೈಲಿ ಇರುವಾಗಲೇ ಕಪ್ಪೆಚಿಪ್ಪಿನ ವಾಸನೆ ಮೂಗಿಗೆ ಬರುತ್ತದೆ. ನನ್ನ ತಂಗಿಯನ್ನು ಕೊಟ್ಟಿರುವುದು ಆ ಊರಿಗೇ. ಮಾರ್ಚ್ ತಿಂಗಳ ಆ ಸಂಜೆ ನಾನೂ ಅಲ್ಲೇ ಇದ್ದೆ.

ನಾಲ್ಕನೇ ತರಗತಿಯ ಕೋಣೆಯಲ್ಲಿ ಎಣಿಕೆ. ಬಾಗಿಲು, ಕಿಟಕಿ ಎಲ್ಲ ತೆರೆದು, ಊರಿಗೆ ಊರೇ ಒಳಗೆ ಇಣುಕುತ್ತಿತ್ತು. ಕೋ ಮೇಷ್ಟ್ರು ಒಂದೊಂದೇ ಚೀಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಎಡಕ್ಕೆ ತೋರಿಸಿ, ಬಲಕ್ಕೆ ತೋರಿಸಿ, "ಎರಡನೇ ನಂಬರು, ಒಂದು ಮತ" ಎಂದು ಕೂಗುವರು. ಗೋಡೆಯ ಹಾಳೆಯ ಮೇಲೆ ಒಂದು ಗೀಟು ಬೀಳುವುದು. ಐದು ಗೀಟು ಸೇರಿದರೆ ಚೀನೀ ಲಿಪಿಯಲ್ಲಿ "ನೆಟ್ಟಗೆ" ಎನ್ನುವ ಅಕ್ಷರವಾಗುತ್ತದೆ. ಗೋಡೆಯ ತುಂಬ ನೆಟ್ಟಗೆ, ನೆಟ್ಟಗೆ, ನೆಟ್ಟಗೆ.

"ಇನ್ನೊಂದ್ಸಲ ತೋರಿಸು ಮೇಷ್ಟ್ರೇ, ನನ್ನ ಕಣ್ಣು ಮಂಜು," ಎಂದಳು ಒಬ್ಬ ಅಜ್ಜಿ. ಮೇಷ್ಟ್ರು ಕಿಟಕಿಯ ತನಕ ನಡೆದು ಹೋಗಿ ಅವಳ ಮೂಗಿನ ಮುಂದೆ ಹಿಡಿದರು. ಅವಳು ನೋಡಿ, ತಲೆಯಾಡಿಸಿ, ಮತ್ತೆ ಗೆಣಸು ತಿನ್ನತೊಡಗಿದಳು.

ನನ್ನ ಅಪ್ಪ ಅಧ್ಯಕ್ಷರಿಗೆ ಓಟು ಹಾಕದೆಯೇ ಸತ್ತ. ಅವನ ಕಾಲದಲ್ಲಿ ಜನರಿಗೆ ಆ ಓಟೇ ಇರಲಿಲ್ಲ. ಆ ಸಂಜೆ ಕಿಟಕಿಯಲ್ಲಿ ನಿಂತು ಮೇಷ್ಟ್ರ ಕೂಗು ಕೇಳುತ್ತಿದ್ದಾಗ, ದೊಡ್ಡ ದೊಡ್ಡ ದೇಶಗಳವರು ಬಂದು ನಮ್ಮ ಹೈಪಿಂಗಿನ ಈ ಅಜ್ಜಿಯನ್ನು ನೋಡಿ ಕಲಿಯಲಿ ಅನಿಸಿತ್ತು. ಈಗಲೂ ಅನಿಸುತ್ತದೆ. ಅಷ್ಟು ಕಣ್ಣುಗಳ ಎದುರು ಒಂದಾದರೂ ಚೀಟಿಗೆ ಎರಡನೇ ಠಸ್ಸೆ ಒತ್ತಲಾಗುವುದುಂಟೇ? ನಲವತ್ತೇಳಕ್ಕೆ ಒತ್ತಿದರಂತೆ!

ಮೇಷ್ಟ್ರ ಮನೆಯ ಅಂಗಳದಲ್ಲಿ ಅವರ ಹೆಂಡತಿ ಕುಕ್ಕರಗಾಲಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದರು. ನಮ್ಮನ್ನು ಕಂಡು ಮುಖ ಬಾಡಿತು. ಆದರೂ ಹೊತ್ತಿಗೆ ಬಂದವರನ್ನು ಹಸಿದು ಕಳಿಸುವ ಜಾಯಮಾನ ಅವರದಲ್ಲ. ಅಮೀನನನ್ನು ಜಗಲಿಯ ಮೇಲೆ ಕೂರಿಸಿ ಹಾಲುಮೀನಿನ ಗಂಜಿ ಬಡಿಸಿದರು. ಅವನು ಸರ್ಕಾರಿ ಕೆಲಸವನ್ನು ಮರೆತು ಬಟ್ಟಲಿಗೆ ಮುಖ ಬಗ್ಗಿಸಿದ.

ಮೇಷ್ಟ್ರು ಒಳಗಿದ್ದರು. ವಯಸ್ಸು ಅರವತ್ತನಾಲ್ಕು, ನಿವೃತ್ತಿಗೆ ಇನ್ನು ಎರಡೇ ತಿಂಗಳು. ಮರು ಎಣಿಕೆ ಎಂದು ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದರೂ ಅಂಗಿಯ ಗುಂಡಿ ಕೊರಳ ತನಕ ಹಾಕಿಕೊಂಡಿದ್ದರು. ಗೋಡೆಯ ಮೇಲೆ ನಲವತ್ತು ವರ್ಷದ ತರಗತಿ ಫೋಟೊಗಳು, ನಡುವೆ ಚೌಕಟ್ಟು ಹಾಕಿಸಿದ ಒಂದು ಹಳೆಯ ಪತ್ರಿಕೆಯ ತುಂಡು.

ನಾನು ಸುತ್ತಿ ಬಳಸಲಿಲ್ಲ. ಮುದ್ರೆ ತೋರಿಸಿ ಎಂದೆ.

ಅವರು ಜೇಬಿನಿಂದ ಬಟ್ಟೆಚೀಲ ತೆಗೆದು, ಮುದ್ರೆಯನ್ನು ಎರಡೂ ಕೈಯಲ್ಲಿ ಕೊಟ್ಟರು. ಕಿಟಕಿಯ ಬೆಳಕಿಗೆ ಹಿಡಿದೆ. ಅಚ್ಚಿನ ಎಡವೆಂದರೆ ಮುದ್ರೆಯ ಬಲ; ಬಲಗಡೆ ಕೆಳಮೂಲೆ ಮುಕ್ಕಾಗಿತ್ತು. ಒಡೆದ ಜಾಗ ಇನ್ನೂ ಹೊಸದು, ಬೆರಳಿಗೆ ಚುಚ್ಚಿತು.

"ಇದನ್ನ ಯಾವಾಗ ಬೀಳಿಸಿದ್ರಿ ಮೇಷ್ಟ್ರೇ?"

"ಬೀಳಿಸಿಲ್ಲ."

"ಮೂಲೆ ಒಡೆದಿದೆಯಲ್ಲ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ ಎಂದು ಆ ಮುಖವೇ ಹೇಳಿತು. ಚೀಲವನ್ನು ತಿರುವಿ ಹಾಕಿ ಚೂರಿಗಾಗಿ ಹುಡುಕಿದರು. ಚೀಲದಲ್ಲಿ ನೂಲಿನ ಎಳೆ ಬಿಟ್ಟರೆ ಏನೂ ಇರಲಿಲ್ಲ.

ನಲವತ್ತೇಳು ಚೀಟಿಗಳ ಕಥೆಯನ್ನೂ ಎರಡು ಅಚ್ಚುಗಳ ಕಥೆಯನ್ನೂ ಅವರಿಗೆ ಹೇಳಿದೆ. ಬಾಗಿಲಿನ ಹಾಳೆಯ ಮೇಲೆ ಮೂಲೆ ಇದೆ, ಪಟ್ಟಿಯ ಮೇಲೆ ಮೂಲೆ ಇಲ್ಲ. ಮತದಾನದ ದಿನಕ್ಕೂ ಇವತ್ತಿಗೂ ನಡುವೆ ಈ ಮುದ್ರೆ ಯಾರದೋ ಕೈಯಲ್ಲಿ ಇತ್ತು. ಆ ಕೈ ಯಾರದು ಎಂದು ಹೇಳಿದರೆ ಇವರು ಇವತ್ತೇ ಬಚಾವು.

ಮೇಷ್ಟ್ರು ಖಾಲಿ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. ಅವರ ಮುಖದಲ್ಲಿ ಒಂದೊಂದೇ ಲೆಕ್ಕ ಕೂಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಗೆ ಬೆವರು ಒರೆಸಿಕೊಂಡರು.

"ನಿವೃತ್ತಿಗೆ ಸನ್ಮಾನ ಮಾಡಿಸ್ತೀವಿ ಅಂತ ಬಂದಿದ್ದ," ಎಂದರು. "ನಗರಸಭೆ ಕಚೇರೀಲಿ ನಾಲ್ಕು ಕಡೆ ಮುದ್ರೆ ಬೇಕಂತೆ. ನೀವ್ಯಾಕೆ ಬಿಸಿಲಲ್ಲಿ ಬರ್ತೀರಾ, ಮುದ್ರೆ ಕೊಟ್ಟಿರಿ, ನಾನೇ ಒತ್ತಿಸ್ಕೊಂಡು ಬರ್ತೀನಿ ಅಂದ. ಕೊಟ್ಟೆ."

ನಮ್ಮವರ ಹಣೆಬರಹವೇ ಇದು. ಮನೆಯ ಬೀಗದ ಕೈಯನ್ನು ಒಡಹುಟ್ಟಿದವನಿಗೂ ಕೊಡುವುದಿಲ್ಲ. ಹೆಸರಿನ ಮುದ್ರೆಯನ್ನು ಮಾತ್ರ, ಅಂಚೆಯ ಪೊಟ್ಟಣ ಬಿಡಿಸಿಕೊಳ್ಳಲು ಪಕ್ಕದ ಮನೆಯವಳಿಗೆ, ಅರ್ಜಿ ಹಾಕಲು ಬೀದಿಯ ಮುಖ್ಯಸ್ಥನಿಗೆ, ಕೇಳಿದವರಿಗೆಲ್ಲ ಎತ್ತಿ ಕೊಡುತ್ತಾರೆ. ಮತಪತ್ರದ ಪೊಟ್ಟಣಗಳನ್ನು ಕೂಡಿಟ್ಟಿದ್ದ ಉಗ್ರಾಣ ಅದೇ ಕಚೇರಿಯ ಹಿಂದಿತ್ತು. ಅದರ ಬಾಗಿಲು ತೆರೆದವರು ಯಾರು ಎಂಬುದು ಬೇರೆ ಮಾತು.

"ಈ ಮುದ್ರೆ ಕೊಟ್ಟ ದಿನ ನಾನೇನು ಹೇಳಿದ್ದೆ ಮೇಷ್ಟ್ರೇ?"

"ಮುದ್ರೆ ಹೋದಲ್ಲಿ ಕೈ ಹೋದ ಹಾಗೆ ಅಂದಿದ್ದಿ," ಎಂದರು ಅವರು, ಪಾಠ ಒಪ್ಪಿಸುವವರಂತೆ. "ನಿಮ್ಮಪ್ಪನ ಮಾತು. ಮರೆತಿಲ್ಲ."

"ಯಾರು ಬಂದಿದ್ದು?"

"ನನ್ನ ಹತ್ರ ಓದಿದವನು."

"ಈ ಊರಲ್ಲಿ ನಿಮ್ಮ ಹತ್ರ ಓದದವರು ಯಾರಿದಾರೆ? ಹೆಸರು ಹೇಳಿ."

ಅವರು ಫೋಟೊಗಳ ಕಡೆ ನೋಡಿದರು. ಒಂದೊಂದನ್ನೇ ನೋಡುತ್ತ ಬಂದವರು ಪತ್ರಿಕೆಯ ತುಂಡಿನ ಹತ್ತಿರ ಬಂದಾಗ ಮಾತ್ರ ಅದನ್ನು ಹಾರಿಸಿ ಮುಂದಕ್ಕೆ ಹೋದರು. ನಾನು ಎದ್ದು ಅದರ ಮುಂದೆ ನಿಂತೆ. ಹದಿನಾರು ವರ್ಷದ ಹಿಂದಿನ ಸುದ್ದಿ: "ಹೈಪಿಂಗಿನ ಮೊದಲ ವಕೀಲ." ಚಿಪ್ಪು ಬಿಡಿಸುವವಳ ಮಗ, ಮೇಷ್ಟ್ರ ಮನೆಯ ದೀಪದಲ್ಲಿ ಓದಿದವನು. ಚಿತ್ರದಲ್ಲಿ ಇಸ್ತ್ರಿ ಇಲ್ಲದ ಅಂಗಿ, ಅದೇ ನಗು.

ಷೀ ರೂಯಿ-ತಾಂಗ್.

ತನ್ನ ಪಕ್ಷಕ್ಕೆ ಬಿದ್ದ ಮತವನ್ನು ತಾನೇ ಕೆಡಿಸಿ, ಆ ಮೋಸವನ್ನು ತಾನೇ ಕೋರ್ಟಿನಲ್ಲಿ ಹಿಡಿದು ತೋರಿಸುವುದು! ನಲವತ್ತೇಳು ಹೋದರೇನು, ಇಡೀ ಚುನಾವಣೆಯೇ ಕೈಗೆ ಬರುವಾಗ? ನನ್ನ ಮೈ ಉರಿಯಿತು.

"ಇವನೇನಾ?" ಎಂದೆ.

"ನಾನು ಹಾಗಂದೆನಾ?"

"ಅನ್ನಿ. ಅಮೀನ ಹೊರಗೇ ಇದಾನೆ, ಒಂದು ಮಾತು ಅನ್ನಿ ಸಾಕು. ಇಲ್ದಿದ್ರೆ ನಿಮ್ಮ ನಲವತ್ತು ವರ್ಷ ಮಣ್ಣುಪಾಲು."

ಮೇಷ್ಟ್ರು ಎದ್ದು ನಿಂತರು. ಗಿಡ್ಡ ಆಳು. ಆದರೆ ಆ ಹೊತ್ತಿನಲ್ಲಿ ಕೋಣೆ ಅವರಿಗೆ ಸಾಲದಂತೆ ಕಂಡಿತು.

"ಸು-ಚಿನ್, ನಲವತ್ತು ವರ್ಷ ಈ ಬಾಯಲ್ಲಿ ನಾನು ಕೂಗಿದ್ದು ಚೀಟಿ ಮೇಲೆ ಕಣ್ಣಾರೆ ಕಂಡಿದ್ದನ್ನ ಮಾತ್ರ. ಇವನಿಗೆ ಹಾಕಿರಬಹುದು, ಅವನಿಗೆ ಹಾಕಿರಬಹುದು ಅಂತ ಒಂದು ದಿನಾನೂ ಕೂಗಿಲ್ಲ. ಅವನು ಒತ್ತಿದ್ದನ್ನ ನಾನು ನೋಡಿಲ್ಲ. ನೋಡದೇ ಇರೋದನ್ನ ಜಡ್ಜ್ ಎದುರೂ ಕೂಗಲ್ಲ, ನಿನ್ನ ಎದುರೂ ಕೂಗಲ್ಲ."

"ಮುದ್ರೆ ಕೊಟ್ಟಿದ್ದನ್ನಾದ್ರೂ ಕಣ್ಣಾರೆ ಕಂಡಿದೀರಲ್ಲ?"

ಅವರು ಮತ್ತೆ ಕೂತರು. ಕೊನೆಗೆ ಮೆಲ್ಲಗೆ, ಆ ಹುಡುಗ ವಕೀಲನಾದ ದಿನ ಇಡೀ ಊರಿಗೆ ಊಟ ಹಾಕಿದ್ದೆ ಎಂದು ಮಾತ್ರ ಹೇಳಿದರು. ನನಗೆ ಸಿಟ್ಟೂ ಬಂತು, ಗೌರವವೂ ಬಂತು, ಯಾವುದನ್ನು ಮುಂದೆ ಮಾಡಬೇಕೋ ತಿಳಿಯದೆ ಸುಮ್ಮನೆ ಮುದ್ರೆಯನ್ನು ಅಮೀನನ ಲಕೋಟೆಗೆ ಹಾಕಿಸಿದೆ.

ಹೊರಡುವಾಗ ಮೇಷ್ಟ್ರ ಹೆಂಡತಿ ಕಾರಿನ ತನಕ ಬಂದರು. ಕೈಯಲ್ಲಿ ಇನ್ನೂ ಚಿಪ್ಪಿನ ಚಾಕು.

"ಓಟು ಹಾಕಿದ ಮೂರನೇ ದಿನ," ಎಂದರು ನನ್ನ ಕಿವಿಯ ಹತ್ತಿರ. "ಬೆಳಿಗ್ಗೆ ಹೋದ ಮುದ್ರೆ ಸಂಜೆ ಬಂತು. ಯಾರು ಅಂತ ಕೇಳ್ಬೇಡ ತಾಯಿ. ನಾನು ಬಾಯಿಬಿಟ್ರೆ ಅವರು ಊಟ ಬಿಟ್ಬಿಡ್ತಾರೆ. ಅವನಿಗೂ ಈ ಕೈಯಲ್ಲೇ ಅನ್ನ ಹಾಕಿದೀನಿ."

*

ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಮೂರನೇ ಮೇಜಿನ ಮುಂದೆ ಕೂತೆ. ಅಭಿಪ್ರಾಯವನ್ನು ಕಾರಿನಲ್ಲೇ ಬರೆದಿದ್ದೆ. ಮುದ್ರೆ ಅಸಲಿ. ಮೂಲೆ ಮುಕ್ಕಾದದ್ದು ಎಣಿಕೆ ವರದಿಯ ನಂತರ. ಪಟ್ಟಿ ಮೇಲೆ ಬಿದ್ದದ್ದು ಅದಕ್ಕೂ ನಂತರ. ಆದ್ದರಿಂದ ಪೊಟ್ಟಣ ಉಗ್ರಾಣದಲ್ಲಿದ್ದಾಗ ಯಾರೋ ಒಡೆದಿದ್ದಾರೆ. ಯಾರು ಎನ್ನುವಲ್ಲಿ ಜಾಗ ಖಾಲಿ ಬಿಟ್ಟಿದ್ದೆ. ಪತ್ರಿಕೆಯ ತುಂಡು, ಹಾರಿಸಿ ಹೋದ ಕಣ್ಣು, ಇವು ಸಾಕ್ಷಿಯಾಗುವುದಿಲ್ಲ.

ಅಮೀನ ಲಕೋಟೆ ಒಡೆದು ಮೇಷ್ಟ್ರ ಮುದ್ರೆಯನ್ನು ಬಿಳಿ ಹಾಳೆಯ ಮೇಲಿಟ್ಟ. ನ್ಯಾಯಾಧೀಶೆ ನನ್ನ ಬರಹವನ್ನು ಎರಡು ಸಲ ಓದಿದರು. ಆಮೇಲೆ ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿದರು. ಕೋಣೆಯಲ್ಲಿ ಗುಸುಗುಸು ಎದ್ದಿತು.

ಷೀ ವಕೀಲರು ಮಾತ್ರ ಕಸಿವಿಸಿಗೊಳ್ಳಲಿಲ್ಲ. ಉಗ್ರಾಣದಲ್ಲಿ ಒಡೆದರೂ ಮುದ್ರೆ ಕೋ ಮೇಷ್ಟ್ರದೇ ತಾನೆ, ತಮ್ಮ ಮುದ್ರೆಯನ್ನು ತಾವಲ್ಲದೆ ಬೇರೆ ಯಾರು ಒತ್ತುತ್ತಾರೆ ಎಂದರು. ಅದೂ ಸರಿಯೇ. ಖಾಲಿ ಬಿಟ್ಟ ಜಾಗಕ್ಕೆ ಹೆಸರು ಸಿಗದಿದ್ದರೆ ಮೇಷ್ಟ್ರ ಹೆಸರೇ ಬಂದು ಕೂರುತ್ತದೆ.

ಅಭಿಪ್ರಾಯಕ್ಕೆ ನನ್ನ ಮುದ್ರೆ ಬೀಳಬೇಕಿತ್ತು. ಮುದ್ರೆ ತೆಗೆದೆ. ಬೆಳಗಿನ ಅವಸರದಲ್ಲಿ ಲೇಪದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

"ನಂದು ತಗೊಳ್ಳಿ ಅಕ್ಕ," ಎಂದು ಷೀ ತಮ್ಮ ಪಿಂಗಾಣಿ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಮುಚ್ಚಳ ತೆಗೆದೆ. ದುಬಾರಿ ಲೇಪ, ಒಳ್ಳೆಯ ಕೆಂಪು. ಆದರೆ ಅವರು ಕುಟ್ಟಿ ಕುಟ್ಟಿ ನಡುವೆ ಹಳ್ಳ ಬಿದ್ದಿತ್ತು. ನಾನು ಅಂಚಿನಿಂದ, ಯಾರೂ ಮುಟ್ಟದ ಕಡೆಯಿಂದ, ನನ್ನ ಮುದ್ರೆಯನ್ನು ಮೆಲ್ಲಗೆ ತಟ್ಟಿದೆ.

ಬೆರಳಿಗೆ ಏನೋ ತಾಕಿತು. ಅನ್ನದಲ್ಲಿ ಕಲ್ಲು.

ಹಾಳೆಗೆ ಒತ್ತಿದೆ. ನನ್ನ ಹೆಸರಿನ ನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು. ಮುದ್ರೆಯನ್ನು ತಿರುಗಿಸಿ ನೋಡಿದೆ. ಕೆಂಪಿನ ನಡುವೆ ಅರ್ಧ ಎಳ್ಳಿನಷ್ಟು ಕರಿ ಚೂರು ಸಿಕ್ಕಿಕೊಂಡಿತ್ತು. ಅದರ ಒಂದು ಬದಿ ನೇರ ಗೆರೆ. ಆ ಗೆರೆಯನ್ನು ಎಳೆದ ಉಳಿ ಇವತ್ತಿಗೂ ನನ್ನ ಅಂಗಡಿಯಲ್ಲಿದೆ.

ಪಚ್ಚೆಕಲ್ಲು ಕುಟ್ಟಿದರೆ ಏನೂ ಆಗುವುದಿಲ್ಲ. ಮೂವತ್ತೊಂದು ವರ್ಷ ಒಣಗಿದ ಕೊಂಬನ್ನು ಪಿಂಗಾಣಿಯ ಅಂಚಿಗೆ ಕುಟ್ಟಿದರೆ ಮೂಲೆ ಹಾರುತ್ತದೆ.

ತಲೆ ಎತ್ತಿದೆ. ಷೀ ನನ್ನನ್ನೇ ನೋಡುತ್ತಿದ್ದರು. ನಗು ಇನ್ನೂ ಮುಖದ ಮೇಲಿತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ. ಡಬ್ಬಿಯ ಮುಚ್ಚಳ ಆಗಲೇ ಅವರ ಕೈ ಸೇರಿತ್ತು.

"ಏನೋ ಸಿಕ್ಕೊಂಡ ಹಾಗಿದೆ," ಎಂದರು ಮೆಲ್ಲಗೆ. ಇನ್ನೊಂದು ಕೈಯಲ್ಲಿ ಕರವಸ್ತ್ರ ಚಾಚಿದರು. "ಕೊಡಿ ಅಕ್ಕ ನಿಮ್ಮ ಮುದ್ರೆ. ಒರೆಸಿ ಕೊಡ್ತೀನಿ."

ಮುಷ್ಟಿ ಬಿಗಿದೆ.

"ನನ್ನ ಮುದ್ರೆ ನಾನು ಯಾರಿಗೂ ಕೊಡಲ್ಲ ಕಣಪ್ಪ."

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಕೊರಳ ತನಕ ಗುಂಡಿ ಹಾಕಿದ ಅಂಗಿಯಲ್ಲಿ ಕೋ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಬಂದಿರಬೇಕು, ಬೂಟೆಲ್ಲ ಧೂಳು.

ಷೀ ರೂಯಿ-ತಾಂಗ್ ಥಟ್ಟನೆ ಎದ್ದು ನಿಂತರು. ಎದ್ದದ್ದು ವಕೀಲರಲ್ಲ. ಮೇಷ್ಟ್ರು ಒಳಗೆ ಬಂದರೆ ಏಳಬೇಕು ಎಂದು ಎಂಟು ವರ್ಷದಲ್ಲಿ ಕಲಿತ ಕಾಲುಗಳು ತಾವಾಗಿ ಎದ್ದವು. ಕರವಸ್ತ್ರ ಹಿಡಿದ ಕೈ ನನ್ನ ಕಡೆ ಹಾಗೇ ಚಾಚಿತ್ತು.

"ಕೂತ್ಕೋ," ಎಂದರು ಮೇಷ್ಟ್ರು.

ಅವನು ಕೂತ.

ಮೇಷ್ಟ್ರು ನಡೆದು ಬಂದು ಮೇಜಿನ ಮೇಲಿದ್ದ ತಮ್ಮ ಮುದ್ರೆಯನ್ನು ನೋಡಿದರು. ಮುಟ್ಟಲಿಲ್ಲ. ನ್ಯಾಯಾಧೀಶೆಯ ಕಡೆ ತಿರುಗಿ, ಮಾರ್ಚ್ ತಿಂಗಳ ಆ ಸಂಜೆ ಇಡೀ ಹೈಪಿಂಗಿಗೆ ಕೇಳಿಸಿದ ದನಿಯಲ್ಲಿ, ಪದ ಪದ ಬಿಡಿಸಿ ಹೇಳಿದರು.

"ನಾನು ಕಂಡಿದ್ದನ್ನ ಹೇಳೋದಕ್ಕೆ ಬಂದಿದೀನಿ. ಈ ಮುದ್ರೆ ನಂದು. ಮುದ್ರೆ ಹೋದಲ್ಲಿ ಕೈ ಹೋದ ಹಾಗೆ. ಅದು ಒತ್ತಿದ್ದೆಲ್ಲ ನಾನೇ ಒತ್ತಿದ ಹಾಗೆ. ಹಾಗೇ ಬರ್ಕೊಳ್ಳಿ."

ನ್ಯಾಯಾಧೀಶೆ ತೂ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಗುಮಾಸ್ತರ ಕಡೆ ತಲೆಯಾಡಿಸಿದರು. ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೇಷ್ಟ್ರ ಹೆಸರು ಬರೆಯಲು ಲೇಖನಿ ಓಡತೊಡಗಿತು.

ನನ್ನ ಮುಷ್ಟಿಯೊಳಗೆ, ಆ ಹೆಸರನ್ನು ಬದಲಿಸಬಲ್ಲ ಕರಿಕೊಂಬಿನ ಚೂರು ಅಂಗೈಗೆ ಚುಚ್ಚುತ್ತಿತ್ತು. ಮೇಜಿನ ಆಚೆ, ಹೈಪಿಂಗಿನ ಮೊದಲ ವಕೀಲ ಪಿಂಗಾಣಿ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.